ಬರೀ ಎಲುಬು

ಶಾಲೆಯ ನಲ್ಲಿ ಕೆಟ್ಟಿರಲಿಲ್ಲ. ಆದರೂ ಮೇಸ್ತ್ರಿ ಅದನ್ನು ರಿಪೇರಿ ಮಾಡಲು ಬರುತ್ತಿದ್ದರು.

ತಿಂಗಳಿಗೊಂದು ಸಲ, ಹೆಚ್ಚಾಗಿ ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ, ಕೈಯಲ್ಲೊಂದು ನಟ್ಟು ಬಿಚ್ಚುವ ಪಾನಾ ಹಿಡಿದು ಗೇಟಿನ ಬಳಿ ನಿಂತು ಕೆಮ್ಮುತ್ತಿದ್ದರು. ಒಳಗೆ ಬಂದು ನಲ್ಲಿಯನ್ನು ಬಿಚ್ಚಿ, ವಾಷರನ್ನು ಬೆಳಕಿಗೆ ಹಿಡಿದು ನೋಡಿ, ಅದನ್ನೇ ಮತ್ತೆ ಹಾಕಿ, ಎರಡು ಸಲ ತಿರುಗಿಸಿ, "ಈಗ ಸರಿಯಾತು" ಎನ್ನುತ್ತಿದ್ದರು. ಆಮೇಲೆ ಒದ್ದೆ ಕೈಯನ್ನು ಹೆಗಲ ಮೇಲಿನ ಟವೆಲಿಗೆ ಒರೆಸಿಕೊಳ್ಳುತ್ತ ವಿಜ್ಞಾನದ ಕೋಣೆಯ ಗಾಜಿನ ಬೀರುವಿನ ಮುಂದೆ ಬಂದು ನಿಲ್ಲುತ್ತಿದ್ದರು. ಆ ಬೀರುವಿನಲ್ಲಿ ಒಂದು ಮುರುಕು ಸೂಕ್ಷ್ಮದರ್ಶಕ, ನಾಲ್ಕಾರು ಆಯಸ್ಕಾಂತ, ಸೀಸೆಯಲ್ಲಿ ಮುಳುಗಿಸಿಟ್ಟ ಚೇಳು, ಮತ್ತು ಎರಡೂ ಅಂಚಿನಲ್ಲಿ ಹಲ್ಲುಗಳಿರುವ, ಮೊಳಕ್ಕಿಂತ ತುಸು ಉದ್ದದ ಒಂದು ಎಲುಬು ಇದ್ದವು. ಮೇಸ್ತ್ರಿ ನೋಡುತ್ತಿದ್ದುದು ಆ ಎಲುಬನ್ನು. ನಲ್ಲಿ ಬರೀ ನೆವ ಎಂಬುದು ನನಗೆ ತಿಳಿಯಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಎಲುಬನ್ನು ಆ ಬೀರುವಿನಲ್ಲಿಟ್ಟು ಬೀಗ ಹಾಕಿದವಳು ನಾನೇ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಬರೆಯುವ ಅಧಿಕಾರ ನನಗಿದೆಯೆಂದು ಅನ್ನಿಸುತ್ತಿಲ್ಲ. ನಮ್ಮ ಓಣಿಯಲ್ಲಿಯೂ ಯಾರೊಬ್ಬರೂ ಅವರನ್ನು ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ಎದುರಿಗೆ ಮೇಸ್ತ್ರಣ್ಣ, ಬೆನ್ನ ಹಿಂದೆ ಅರವ ಮೇಸ್ತ್ರಿ. ತಮಿಳರನ್ನು ನಮ್ಮ ಕಡೆ ಅರವರು ಎನ್ನುವುದು ರೂಢಿ.

ಅವರು ಆಂಧ್ರದ ಈ ಆದೋನಿಗೆ ಬಂದದ್ದು ಹತ್ತಿ ಮಿಲ್ಲಿಗೆ ಬೀಜ ಬಿಡಿಸುವ ಯಂತ್ರವನ್ನು ಜೋಡಿಸಲು. ಒಂದು ತಿಂಗಳ ಕೆಲಸವೆಂದು ಬಂದವರು ಮೂವತ್ತು ವರ್ಷ ಉಳಿದರು. "ಮಷೀನು ಬಿಟ್ಟು ಹೋದ್ರ ಅದು ಅಳ್ತದ ಟೀಚರಮ್ಮ" ಎನ್ನುತ್ತಿದ್ದರು. ಮಿಲ್ಲಿನ ಹಿಂದಿನ ಓಣಿಯಲ್ಲಿ ಅವರದೊಂದು ಕೋಣೆ, ಮುಂದೆ ಒಂದು ಸಣ್ಣ ಅಂಗಳ. ಎದುರು ಸಾಲಿನಲ್ಲಿ ನನ್ನ ಬಾಡಿಗೆ ಮನೆ. ನಡುವೆ, ನಮ್ಮಿಬ್ಬರಿಗೂ ಸಮಾನ ದೂರದಲ್ಲಿ, ಹನುಮಕ್ಕನ ಮನೆ. ಹನುಮಕ್ಕ ಮದ್ದಿಕೇರದ ಕುರಿ ಸಾಕುವ ಮನೆತನದ ಮಗಳು. ಆಕೆಯ ಗಂಡನಿಗೆ ಮಾಧವರಂ ಬಳಿ ಕಾಲುವೆಯ ಕೆಳಗೆ ಎರಡು ಎಕರೆ ಗದ್ದೆಯಿತ್ತು. ಗಂಡಹೆಂಡಿರು ದಿನವೂ ಬೆಳಕು ಹರಿಯುವ ಮೊದಲೇ ಜಗಳ ಶುರು ಮಾಡುತ್ತಿದ್ದರು. ಆ ಜಗಳದ ಮೂಲಕವೇ ನನಗೆ ಮೇಸ್ತ್ರಿಯ ಪರಿಚಯವಾಯಿತು.

ನಾನು ಬಂದ ಮೊದಲ ವಾರ. ಒಂದು ಮುಂಜಾನೆ ಹನುಮಕ್ಕನ ಚೊಂಬು ಬಾಗಿಲಿನಿಂದ ಹಾರಿ ನನ್ನ ಮೆಟ್ಟಿಲಿಗೆ ಬಂದು ಬಿದ್ದಿತು. ನಾನು ಅದನ್ನು ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಾಗ, ಎದುರಿನ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಮೇಸ್ತ್ರಿ ಬಹಳ ಸಮಾಧಾನದಿಂದ ಹೇಳಿದರು:

"ಅಂಜಬ್ಯಾಡ್ರಿ. ಗದ್ದಿ ನೆಲ, ಬೆಳಗಿನ ಹೊತ್ತು, ಮುನಿಸು. ಎಲ್ಲಾ ಪಾಠದಾಗ ಐತಿ."

"ಏನಂತಿಯೋ ಮೇಸ್ತ್ರಣ್ಣ?" ಎಂದಳು ಹನುಮಕ್ಕ ಒಳಗಿನಿಂದ.

"ನಿಮ್ಮ ಜಗಳ ಭಾಳ ಹಳೇದು ಅಂದೆ, ತಾಯಿ. ನಮ್ಮ ಸಾಲಿ ಪುಸ್ತಕದಾಗ ಬಂದೈತಿ."

"ಹಂಗಾದ್ರ ಪುಸ್ತಕದಾಗ ಈ ಮನಿಷಾ ಯಾವಾಗ ಸುಧಾರಿಸ್ತಾನ ಅಂತ ಬರದಾರೇನು ನೋಡಿ ಹೇಳು."

ಆ ಪಾಠವನ್ನು ಅವರು ನನಗೆ ಆಮೇಲೆ ಹಲವು ಸಲ ಹೇಳಿದರು. ಎಂಟನೆಯ ಇಯತ್ತೆಯವರೆಗೆ ಕಡಲ ತೀರದ ಒಂದು ಶಾಲೆಯಲ್ಲಿ ಓದಿದ್ದರು. ಅಲ್ಲಿಯ ತಮಿಳು ಮಾಸ್ತರರು ಹಲಗೆಯ ಮೇಲೆ ಐದು ಮನೆಗಳ ಒಂದು ಕೋಷ್ಟಕ ಬರೆದು ಬಾಯಿಪಾಠ ಮಾಡಿಸಿದ್ದರಂತೆ. ಪ್ರಾಚೀನ ತಮಿಳು ಕವಿಗಳು ನಾಡನ್ನು ರಾಜ್ಯಗಳಾಗಿ ಹಂಚಲಿಲ್ಲ, ನೆಲಗಳಾಗಿ ಹಂಚಿದರು. ನೆಲಕ್ಕೊಂದು ಹೂವು, ಒಂದು ಹೊತ್ತು, ಒಂದು ಮನಸ್ಸು, ಒಬ್ಬ ದೇವರು. ಬೆಟ್ಟದ ನೆಲ ಕೆಂಪು ಮೈಯ ಮುರುಗನದು; ಅಲ್ಲಿ ಪ್ರೇಮಿಗಳು ಕೂಡುತ್ತಾರೆ. ಕುರಿ ದನ ಮೇಯುವ ಕಾಡುನೆಲ ಕಪ್ಪು ಮೈಯ ಮಾಯೋನನದು; ಅಲ್ಲಿ ಹೆಣ್ಣು ಗಂಡನ ದಾರಿಯನ್ನು ತಾಳ್ಮೆಯಿಂದ ಕಾಯುತ್ತಾಳೆ. ನೀರಾವರಿಯ ಗದ್ದೆ ಇಂದ್ರನದು, ಅಲ್ಲಿ ಮುನಿಸು. ಕಡಲ ತೀರದ ಮರಳು ವರುಣನದು. ಅಲ್ಲಿ ಹೊತ್ತು ಮುಳುಗುವಾಗ ಹಂಬಲಿಕೆ. ಬೆರಳು ಮಡಿಸುತ್ತ ಅವರು ಇದನ್ನು ಹೇಳುತ್ತಿದ್ದ ರೀತಿಯಲ್ಲಿ ಭಕ್ತಿಯಾಗಲಿ, ಕಾವ್ಯದ ಉಮೇದಾಗಲಿ ಇರಲಿಲ್ಲ. ಮಿಲ್ಲಿನ ಪಾಳಿಪಟ್ಟಿಯನ್ನು ಓದುವಂತೆ ಓದುತ್ತಿದ್ದರು.

"ಐದನೆಯದು?" ಎಂದು ಕೇಳಿದ್ದೆ.

"ಪಾಲೈ. ಬೆಂಗಾಡು. ಅದಕ್ಕ ಮೊದಲು ದೇವರೇ ಇದ್ದಿಲ್ಲ. ಆಮ್ಯಾಲೆ ಒಬ್ಬ ಅಮ್ಮನ್ನ ಇನ್‌ಚಾರ್ಜ್ ಹಾಕಿದ್ರು." ಐದನೆಯ ಬೆರಳು ಮಡಿಸಿ ಸೇರಿಸಿದರು: "ಅದು ಬ್ಯಾರೆ ನೆಲ ಅಲ್ರಿ. ಬೆಟ್ಟ, ಕಾಡು ಬಿಸಲಿಗೆ ಬತ್ತಿ ಹೋದ್ರ ಅದೇ ಪಾಲೈ. ಮಧ್ಯಾಹ್ನದ ಹೊತ್ತು. ಅಗಲೋದು ಅದರ ಮನಸು."

ಹೇಳಿ ಮಿಲ್ಲಿನ ಕಡೆ ನೋಡಿದರು. ಮೇ ತಿಂಗಳ ಮಧ್ಯಾಹ್ನ. ಆದೋನಿಯ ಕೋಟೆ ಗುಡ್ಡದ ಬಂಡೆಗಳು ಬಿಳಿಚಿಕೊಂಡು ನಿಂತಿದ್ದವು. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ನನ್ನ ಬಗ್ಗೆ ಇಷ್ಟನ್ನು ಹೇಳಬೇಕು. ನಾನು ನಂದವರಂ ಕಡೆಯವಳು. ಬಳ್ಳಾರಿಯಲ್ಲಿ ಕಾಲೇಜು ಓದಿದೆ, ಓದಿದ್ದಕ್ಕಿಂತ ಹೆಚ್ಚಾಗಿ ವಾದಿಸಿದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಟ್ಟಲುಗಳು ತವರಿನ ಅಟ್ಟದಲ್ಲಿ ಇನ್ನೂ ಇವೆ. ಕನ್ನಡ ಮಾಧ್ಯಮದ ಶಾಲೆಗೆ ವಿಜ್ಞಾನದ ಶಿಕ್ಷಕಿಯಾಗಿ ಬಂದ ಮೇಲೆ, ನನ್ನಂತೆಯೇ ಯೋಚಿಸುವ ಐದಾರು ಜನರನ್ನು ಕಲೆಹಾಕಿ ಒಂದು ಬಳಗ ಕಟ್ಟಿದೆ. ದೆವ್ವ ಬಿಡಿಸುವವರ ಎದುರು, ಅಂತ್ರ ಕಟ್ಟುವವರ ಎದುರು ನಾವು ಹಳ್ಳಿಹಳ್ಳಿಗೆ ಹೋಗಿ ಮಾತನಾಡಿದ್ದೇವೆ. ಆ ಕೆಲಸದ ಬಗ್ಗೆ ನನಗೆ ಇಂದಿಗೂ ನಾಚಿಕೆಯಿಲ್ಲ. ಅದು ಆಗಬೇಕಾದ ಕೆಲಸ, ಇನ್ನೂ ಆಗಬೇಕಾಗಿದೆ.

ಮೇಸ್ತ್ರಿಯನ್ನು ಒಮ್ಮೆ ನೇರವಾಗಿಯೇ ಕೇಳಿದ್ದೆ, ನೀವು ದೇವರನ್ನು ನಂಬುತ್ತೀರೇನು ಎಂದು.

"ನಂಬೋದು ಏನೈತ್ರಿ ಅದರಾಗ? ಬೆಟ್ಟಕ್ಕ ಬೆಟ್ಟದಂವ, ಮರಳಿಗೆ ಮರಳಿನಂವ. ಡ್ಯೂಟಿ ಹಾಕ್ಯಾರ, ಮಾಡ್ತಾರ."

ಅವರು ಗುಡಿಗೆ ಹೋದದ್ದನ್ನು ನಾನು ನೋಡಿರಲಿಲ್ಲ. ಹೀಗಾಗಿ ನಮ್ಮವರೇ ಎಂದು ಭಾವಿಸಿದೆ. ಬಳಗದ ಸಭೆಗಳಿಗೆ ಕರೆದರೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತು, ಫ್ಯಾನು ಸದ್ದು ಮಾಡಿದರೆ ಎದ್ದು ಸರಿಮಾಡಿ ಹೋಗುತ್ತಿದ್ದರು.

ಒಂದು ಸಂಕ್ರಾಂತಿಗೆ ಹನುಮಕ್ಕನ ಗಂಡ ಹೆಂಡತಿಯ ಜೊತೆಗೆ ನನ್ನನ್ನೂ ಮೇಸ್ತ್ರಿಯನ್ನೂ ಮಾಧವರಂಗೆ, ತನ್ನ ಗದ್ದೆ ತೋರಿಸಲು ಟ್ರ್ಯಾಕ್ಟರಿನಲ್ಲಿ ಕರೆದೊಯ್ದ. ಊಟವಾದ ಮೇಲೆ ಹೊಳೆಯ ದಂಡೆಗೆ ನಡೆದೆವು. ತುಂಗಭದ್ರೆ ಇಳಿದಿದ್ದಳು, ಆಚೆ ದಂಡೆಯ ಕರ್ನಾಟಕದವರೆಗೂ ಮರಳೇ ಮರಳು, ನಡುವೆ ಒಂದು ಕವಲು ನೀರು. ಮೇಸ್ತ್ರಿ ಚಪ್ಪಲಿ ಬಿಟ್ಟು ಮರಳಿನ ಮೇಲೆ ಹೋಗಿ ನಿಂತರು. ಬಗ್ಗಿ ಬೊಗಸೆ ನೀರು ತೆಗೆದು ನಾಲಿಗೆಗೆ ಮುಟ್ಟಿಸಿ ಉಗುಳಿದರು.

"ಮರಳೈತಿ, ನೀರೈತಿ. ಉಪ್ಪಿಲ್ಲ" ಎಂದರು. ಹನುಮಕ್ಕ ನಕ್ಕಳು, ಹೊಳೆಯಲ್ಲಿ ಉಪ್ಪು ಹುಡುಕುವ ಅರವನನ್ನು ಇವತ್ತೇ ನೋಡಿದೆ ಎಂದು. ಅವರೂ ನಕ್ಕರು. ಹಿಂದಿರುಗುವಾಗ ಟ್ರ್ಯಾಕ್ಟರಿನಲ್ಲಿ ನನ್ನ ಪಕ್ಕ ಕುಳಿತು, ಯಂತ್ರದ ಸದ್ದಿನಲ್ಲಿ ನನಗೊಬ್ಬಳಿಗೆ ಮಾತ್ರ ಕೇಳುವಂತೆ ಹೇಳಿದರು: "ಆ ನೀರು ಕಡೀಕ ನಮ್ಮ ಕಡಲಿಗೇ ಹೋಗ್ತದ. ನಾನೊಬ್ಬ ಎದುರು ಬಂದೆ."

ಅದಾಗಿ ಎರಡು ವರ್ಷಕ್ಕೆ, ದಕ್ಷಿಣಕ್ಕೆ ಹತ್ತಿ ಒಯ್ದಿದ್ದ ಒಂದು ಲಾರಿಯ ಚಾಲಕ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟನ್ನು ಮೇಸ್ತ್ರಿಯ ಕೋಣೆಗೆ ತಂದುಕೊಟ್ಟು ಹೋದ. ಆ ವಾರವೇ ಅವರು ಹನುಮಕ್ಕನ ಗಂಡನಿಗೆ ಹೇಳಿ ಮಾಧವರಂನಿಂದ ಎರಡು ಚೀಲ ಮರಳು ತರಿಸಿದರು. ಅಂಗಳದ ಮೂಲೆಯಲ್ಲಿ ಅದನ್ನು ಗುಡ್ಡೆ ಹಾಕಿ, ನಡುವೆ ಗಂಟಿನಲ್ಲಿ ಬಂದಿದ್ದ, ಗರಗಸದಂಥ ಆ ಎಲುಬನ್ನು ನೆಟ್ಟರು. ಅದು ಗರಗಸ ಮೀನಿನ ಮೂತಿಯ ಎಲುಬು ಎಂದು ನಾನು ನೋಡಿದ ಕೂಡಲೇ ಗುರುತಿಸಿದೆ, ಗುರುತಿಸಿದ್ದಕ್ಕೆ ಹೆಮ್ಮೆಪಟ್ಟೆ. ದಿನವೂ ಹೊತ್ತು ಮುಳುಗುವಾಗ ಮೇಸ್ತ್ರಿ ಒಂದು ಚೊಂಬು ನೀರಿಗೆ ಹಿಡಿ ಕಲ್ಲುಪ್ಪು ಹಾಕಿ ಕದಡಿ ಅದರ ಬುಡಕ್ಕೆ ಹೊಯ್ಯುತ್ತಿದ್ದರು. ಆಮೇಲೆ ಕತ್ತಲಾಗುವವರೆಗೆ ಬಾಗಿಲಲ್ಲಿ ಕುಳಿತಿರುತ್ತಿದ್ದರು.

ಆ ಮಳೆಗಾಲದಲ್ಲಿ ಹನುಮಕ್ಕನ ಸೊಸೆಗೆ ಐದು ತಿಂಗಳ ಬಸಿರು ಇಳಿಯಿತು. ಅವರ ಬಾಗಿಲಿನಿಂದ ನೋಡಿದರೆ ಮೇಸ್ತ್ರಿಯ ಎಲುಬು ನೇರವಾಗಿ ಕಾಣುತ್ತಿತ್ತು.

ಮಾತು ಎಲ್ಲಿಂದ ಹೊರಟಿತೋ ತಿಳಿಯದು. ಒಂದೇ ವಾರದಲ್ಲಿ ಓಣಿಯ ತುಂಬ ಭಾನಾಮತಿಯ ಸುದ್ದಿ. ಹಲ್ಲಿರುವ ಎಲುಬು, ಹೊತ್ತು ಮುಳುಗುವಾಗ ಉಪ್ಪು, ಹೆಂಡತಿ ಮಕ್ಕಳಿಲ್ಲದ ಒಂಟಿ ಗಂಡಸು. ಮಾಟವೆಂದು ಹೇಳಲು ಇನ್ನೇನೂ ಬೇಕಾಗಿರಲಿಲ್ಲ. ಹನುಮಕ್ಕ ಬಾವಿಕಟ್ಟೆಯಲ್ಲಿ ನಿಂತು ಅತ್ತಳು: "ನಮ್ಮ ಟ್ರ್ಯಾಕ್ಟರಿನ್ಯಾಗ, ನಮ್ಮ ಹೊಳಿ ಮರಳು ತರಿಸಿ, ನಮ್ಮ ಮ್ಯಾಲೇ ಮಾಡ್ಯಾನಲ್ಲ." ಕೋಣೆಯ ಮಾಲೀಕ ಖಾಲಿ ಮಾಡೆಂದ. ಕೆಲವರು ಅಂಗಳಕ್ಕೆ ಕಲ್ಲೆಸೆದರು. ಮೇಸ್ತ್ರಿ ಎಂದಿನಂತೆಯೇ ಇದ್ದರು. ಕೆಲಸಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು, ಉಪ್ಪುನೀರು ಹೊಯ್ಯುತ್ತಿದ್ದರು.

ನಾನು ಇದಕ್ಕಾಗಿಯೇ ಹುಟ್ಟಿದವಳಂತೆ ಎದ್ದು ನಿಂತೆ. ಸೊಸೆಯನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದು, ರಕ್ತ ಕಡಿಮೆಯಿದ್ದದ್ದೇ ಕಾರಣವೆಂದು ವೈದ್ಯರಿಂದ ಬರೆಸಿಕೊಂಡು ಬಂದೆ. ಭಾನುವಾರ ಬೆಳಿಗ್ಗೆ ಬೇವಿನ ಕಟ್ಟೆಯ ಬಳಿ ಎಲ್ಲರೂ ಸೇರುವಂತೆ ಹಿರಿಯರನ್ನು ಒಪ್ಪಿಸಿದೆ. ಶನಿವಾರ ಸಂಜೆ ಮೇಸ್ತ್ರಿಯ ಅಂಗಳಕ್ಕೆ ಹೋಗಿ ಟಿಪ್ಪಣಿ ಪುಸ್ತಕ ತೆರೆದು ಕುಳಿತೆ. ಮೀನು ಯಾವ ಜಾತಿಯದು, ಎಲುಬು ಎಷ್ಟು ಹಳೆಯದು, ಹಲ್ಲುಗಳೆಷ್ಟು, ಉಪ್ಪು ಯಾಕೆ ಎಂದೆಲ್ಲ ಕೇಳಿ ಬರೆದುಕೊಂಡೆ.

"ನಮ್ಮ ಕಡಿ ಮರಳಿನ್ಯಾಗ ಇದನ್ನ ಹಿಂಗ ನೆಡ್ತಾರ್ರಿ" ಎಂದರು ಅವರು. "ಭಾಳ ಹಿಂದಿನಿಂದ. ಆ ಹಳೇ ಪದ್ಯಗಳ ಕಾಲದಾಗೂ ನೆಡ್ತಿದ್ರಂತ. ನಮ್ಮ ನೆಲದ ದೇವರಿಗೆ ಬ್ಯಾರೆ ಮೂರ್ತಿ ಇಲ್ಲ. ಇದೇ ಗುರುತು."

"ನಾಳೆ ಇದನ್ನ ಹೇಳಬ್ಯಾಡ್ರಿ ಮೇಸ್ತ್ರಿ."

"ಯಾಕ್ರಿ?"

"ಒಂದು ಮೂಢನಂಬಿಕಿ ಬಿಡಿಸ್ಲಿಕ್ಕೆ ಇನ್ನೊಂದನ್ನ ಮುಂದ ಇಡಬಾರದು. ಇದರಾಗ ಏನೂ ಇಲ್ಲ, ಬರೇ ಎಲುಬು ಅಂತ ಅನ್ರಿ. ಅಷ್ಟ ಸಾಕು. ಉಳಿದದ್ದು ನಾನು ನೋಡ್ಕೋತೀನಿ."

ಅವರು ಮರಳಿನ ಕಡೆ ನೋಡಿದರು. "ದೇವರ ಗುರುತು ಅಂದ್ರ ಆಗಂಗಿಲ್ಲೇನ್ರಿ?"

"ಆಗಂಗಿಲ್ಲ."

"ಸರಿ. ನೀವು ಓದಿದವರು" ಎಂದು ಚೊಂಬಿಗೆ ಉಪ್ಪು ಹಾಕಲು ಒಳಗೆ ಹೋದರು.

ಭಾನುವಾರದ ಸಭೆಯಲ್ಲಿ ನಾನು ಚೆನ್ನಾಗಿ ಮಾತನಾಡಿದೆ. ಮೊದಲು ವಸ್ತುವಿನ ಸ್ವರೂಪ, ಆಮೇಲೆ ಕಾರ್ಯಕಾರಣ, ಕೊನೆಗೆ ವೈದ್ಯರ ಚೀಟಿ. ಭೂತಗನ್ನಡಿಯನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರಿಗೂ ಎಲುಬಿನ ರಂಧ್ರಗಳನ್ನು ತೋರಿಸಿದೆ. ಯಾರೂ ಎದುರಾಡಲಿಲ್ಲ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಮಾತ್ರ ಎಲೆಯಡಿಕೆ ಉಗುಳಿ, "ಟೀಚರಮ್ಮ ಹೇಳಿದ್ದು ಕೇಳಿದಿವಿ. ನುವ್ವು ಚೆಪ್ಪು ಮೇಸ್ತ್ರಿ, ನಿನ್ನ ಬಾಯಿಂದ ಹೇಳು. ಏನೈತಿ ಅದರಾಗ?" ಎಂದರು.

ಮೇಸ್ತ್ರಿ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ, ಸ್ಪರ್ಧೆಗೆ ನಿಂತ ವಿದ್ಯಾರ್ಥಿಗೆ ಧೈರ್ಯ ಹೇಳುವಂತೆ.

"ಏನಿಲ್ರಿ" ಎಂದರು. "ಬರೇ ಎಲುಬು."

"ಬರೇ ಎಲುಬಾದ್ರ ಕಿತ್ತು ಹಾಕು ಮತ್ತ."

ಇದನ್ನು ನಾನು ಎಣಿಸಿರಲಿಲ್ಲ. ಆದರೆ ತಡೆಯಲೂ ಇಲ್ಲ, ಏಕೆಂದರೆ ನನ್ನ ವಾದಕ್ಕೆ ಅದಕ್ಕಿಂತ ಒಳ್ಳೆಯ ಮುಕ್ತಾಯ ಸಿಗುವಂತಿರಲಿಲ್ಲ. ಎಲ್ಲರೂ ಅಂಗಳಕ್ಕೆ ಹೋದೆವು. ಮೇಸ್ತ್ರಿ ಮಂಡಿಯೂರಿ ಕುಳಿತರು. ಹಿಡಿದು ಎಳೆಯಲಿಲ್ಲ. ಶೇಂಗಾ ಗಿಡವನ್ನು ಕಾಯಿ ಉದುರದಂತೆ ಕೀಳುವ ಹಾಗೆ ಸುತ್ತಲಿನ ಮರಳನ್ನು ಎರಡೂ ಕೈಯಿಂದ ಬಿಡಿಸಿ ಬಿಡಿಸಿ ಅದನ್ನು ಹೊರಗೆ ತೆಗೆದರು. ಟವೆಲಿನಿಂದ ಒರೆಸಿದರು, ಹಲ್ಲುಗಳ ಸಂದಿಯನ್ನೂ. ಎದ್ದು ಬಂದು ನನ್ನ ಕೈಗೆ ಕೊಟ್ಟರು.

"ನಿಮ್ಮ ಸಾಲಿ ಬೀರುವಿನ್ಯಾಗ ಇಡ್ರಿ. ಮಕ್ಕಳು ನೋಡ್ಲಿ."

ನಮ್ಮ ಬಳಗದವರು ಚಪ್ಪಾಳೆ ತಟ್ಟಿದರು. ಕೋಣೆ ಉಳಿಯಿತು, ಕಲ್ಲುಗಳು ನಿಂತವು. ಆ ವರ್ಷ ನಾನು ಹೋದ ಮೂರು ನಾಲ್ಕು ಊರುಗಳಲ್ಲಿ ಈ ಪ್ರಸಂಗವನ್ನು ನಿದರ್ಶನವಾಗಿ ಹೇಳಿದೆ. ಕೇಳಿದವರು ಮೆಚ್ಚಿದರು.

ಓಣಿಯಲ್ಲಿ ಆದ ಬದಲಾವಣೆ ಬಹಳ ಸಣ್ಣದು, ನಾನು ಅದನ್ನು ಗಮನಿಸಿದ್ದು ತಡವಾಗಿ. ಹನುಮಕ್ಕನ ಮನೆಯ ಜಗಳ ಎಂದಿನಂತೆ ಮುಂಜಾನೆ ಶುರುವಾಗುತ್ತಿತ್ತು, ಚೊಂಬು ಹಾರುತ್ತಿತ್ತು, ಆಮೇಲೆ ಒಂದು ಗಳಿಗೆ ಎಲ್ಲವೂ ನಿಲ್ಲುತ್ತಿತ್ತು. ಆ ಗಳಿಗೆಯಲ್ಲಿ ಹನುಮಕ್ಕನೂ, ಆಕೆಯ ಗಂಡನೂ, ಮೆಟ್ಟಿಲ ಮೇಲೆ ನಾನೂ ಎದುರಿನ ಅಂಗಳದ ಕಡೆ ನೋಡುತ್ತಿದ್ದೆವು. ಅಲ್ಲಿ ಮೇಸ್ತ್ರಿ ಹಲ್ಲುಜ್ಜುತ್ತಿರುತ್ತಿದ್ದರು. ಬಾಯಿ ತೊಳೆದು ಒಳಗೆ ಹೋಗುತ್ತಿದ್ದರು. ಆ ಪಾಠವನ್ನು ಅವರು ಮತ್ತೆ ಯಾರಿಗೂ ಹೇಳಲಿಲ್ಲ. ಮರಳಿನ ಗುಡ್ಡೆ ಅಲ್ಲಿಯೇ ಇತ್ತು. ಸಂಜೆ ಅವರು ಬಾಗಿಲಲ್ಲಿ ಕುಳಿತಿರುತ್ತಿದ್ದರು, ಚೊಂಬು ಇಲ್ಲದೆ. ಬೆಕ್ಕುಗಳು ಆ ಗುಡ್ಡೆಯನ್ನು ಕೆದರಿದರೆ ಎದ್ದು ಅಟ್ಟುತ್ತಿರಲಿಲ್ಲ.

ಆಮೇಲೆ ಶಾಲೆಯ ನಲ್ಲಿ ಶುರುವಾಯಿತು.

ಒಂದು ಶನಿವಾರ ಅವರು ಬೀರುವಿನ ಮುಂದೆ ನಿಂತಿದ್ದಾಗ, ಎಲುಬಿನ ಕೆಳಗೆ ನಾನು ಅಂಟಿಸಿದ್ದ ಚೀಟಿಯನ್ನು ತೋರಿಸಿ, "ಏನಂತ ಬರದೀರಿ?" ಎಂದು ಕೇಳಿದರು. ಅವರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ: "ಗರಗಸ ಮೀನು. ಮೂತಿಯ ಎಲುಬು. ಸಮುದ್ರಜೀವಿ."

"ಸರಿಯಾಗಿ ಬರದೀರಿ" ಎಂದರು. ಗಾಜಿನ ಕಡೆಗೇ ಮುಖ ಮಾಡಿಕೊಂಡು ಹೇಳತೊಡಗಿದರು. "ನಮ್ಮ ಮಾವನ ಮೀನಿನ ಬಲಿಗೆ ಸಿಕ್ಕಿದ್ದು ಇದು. ನಮ್ಮಾಕಿ ಅಪ್ಪ. ಅವರ ಗುಡಿಸಲ ಮುಂದ ನೆಟ್ಟಿದ್ರು. ಆಕಿ ಅದರ ಮುಂದ ಆಡಿ ಬೆಳದಾಕಿ."

ಅವರಿಗೆ ಹೆಂಡತಿಯಿದ್ದಳೆಂಬುದು ನನಗೆ ಆಗ ತಿಳಿಯಿತು. ಮದುವೆಯಾದ ಹೊಸತರಲ್ಲಿ ಆಕೆ ಒಮ್ಮೆ ಆದೋನಿಗೆ ಬಂದಿದ್ದಳಂತೆ. ಒಂದು ವಾರವಿದ್ದು, ಇಲ್ಲಿಯ ಗಾಳಿಯಲ್ಲಿ ಉಪ್ಪಿಲ್ಲ, ಉಸಿರು ಹಿಡಿಯುತ್ತದೆ ಎಂದು ಹಿಂದಿರುಗಿದಳು. ಈ ಹತ್ತಿಯ ಹಂಗಾಮು ಮುಗಿಯಲಿ, ಬರುತ್ತೇನೆ ಎಂದು ಇವರು ಹೇಳಿ ಕಳುಹಿಸಿದರು. ಒಂದು ಹಂಗಾಮು ಮುಗಿದರೆ ಯಂತ್ರದ ರಿಪೇರಿ, ರಿಪೇರಿ ಮುಗಿದರೆ ಮತ್ತೊಂದು ಹಂಗಾಮು. ನಡುವೆ ಹಬ್ಬಕ್ಕೆಂದು ಹೋಗಿ ನಾಲ್ಕು ದಿನವಿದ್ದು ಬರುತ್ತಿದ್ದರು. ಆಕೆ ತೀರಿಹೋದ ಸುದ್ದಿ ಬಂದಾಗ ಯಂತ್ರ ಪೂರಾ ಬಿಚ್ಚಿ ನೆಲದ ಮೇಲಿತ್ತು. ಅದನ್ನು ಜೋಡಿಸಿ ಹೊರಟು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

"ಆಮ್ಯಾಲೆ ಆಕಿ ತಮ್ಮ ಇದನ್ನ ಲಾರ್‍ಯಾಗ ಕಳಿಸಿದ. ಆಕಿ ಹೇಳಿದ್ದಳಂತ. ಆತ ಬರಂಗಿಲ್ಲ, ಇದನ್ನ ಕಳಿಸ್ರಿ ಅಂತ."

ಸೀರೆಯಲ್ಲಿ ಸುತ್ತಿದ ಆ ಗಂಟು ನನಗೆ ನೆನಪಾಯಿತು. ಆ ಶನಿವಾರ ಸಂಜೆ ಟಿಪ್ಪಣಿ ಪುಸ್ತಕ ಹಿಡಿದು ನಾನು ಕೇಳಿದ ಪ್ರಶ್ನೆಗಳೂ ನೆನಪಾದವು. ಇದನ್ನು ನಿಮಗೆ ಯಾರು ಕೊಟ್ಟರು ಎಂಬ ಪ್ರಶ್ನೆ ಅವುಗಳಲ್ಲಿ ಇರಲಿಲ್ಲ.

ನಾನು ಬೀಗದ ಕೈ ತಂದೆ. ಬೀರು ತೆರೆದು, "ತೊಗೊಂಡು ಹೋಗ್ರಿ ಮೇಸ್ತ್ರಿ. ಯಾರು ಏನಂದ್ರೂ ನಾನು ನೋಡ್ಕೋತೀನಿ" ಎಂದೆ.

ಅವರು ಕೈ ಮುಂದೆ ಮಾಡಲಿಲ್ಲ. "ಬ್ಯಾಡ್ರಿ. ಏನಿಲ್ಲ ಅಂತ ನಾನೇ ಅಂದೀನಿ, ನಾಕು ಮಂದಿ ಮುಂದ. ಅಂದು ಕಿತ್ತೀನಿ. ಮತ್ತ ಯಾವ ಮಕ ಇಟ್ಕೊಂಡು ನೆಡ್ಲಿ?" ಪಾನಾ ಎತ್ತಿಕೊಂಡರು. "ಇಲ್ಲೇ ಇರ್ಲಿ. ಬಂದು ನೋಡ್ತೀನಲ್ಲ."

ಅವರು ನನ್ನ ಮೇಲೆ ಸಿಟ್ಟಾಗಿದ್ದರೆ ನಾನು ಉತ್ತರಿಸಬಹುದಿತ್ತು. ಅವರಿಗೆ ಸಿಟ್ಟಿರಲಿಲ್ಲ. ಆ ದಿನವೂ ಹೋಗುವಾಗ ನಲ್ಲಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿ ಹೋದರು.

ಈ ವೈಶಾಖದ ಒಂದು ಮಧ್ಯಾಹ್ನ ಮಿಲ್ಲಿನ ಕಾವಲುಗಾರ ಕೋಣೆಗೆ ಹೋಗಿ ಕರೆದಾಗ ಅವರು ಏಳಲಿಲ್ಲ. ಭಾವಮೈದನಿಗೆ ಫೋನು ಮಾಡಿದೆವು. ಅಷ್ಟು ದೂರದಿಂದ ಬರುವವರೆಗೆ ಈ ಬಿಸಿಲಿನಲ್ಲಿ ಇಡಬೇಡಿ, ಅಲ್ಲಿಯೇ ಮಾಡಿಬಿಡಿ ಎಂದರು. ಮಿಲ್ಲಿನ ಎಂಟು ಹತ್ತು ಜನ, ಹನುಮಕ್ಕನ ಗಂಡ, ನಾನು. ಗುಡ್ಡದ ಕೆಳಗಿನ ಸುಡುಗಾಡಿನಲ್ಲಿ ನೆರಳೆಂಬುದು ಇರಲಿಲ್ಲ. ಪಾಲೈ ಎಂದರೆ ಇದೇ ಇರಬೇಕೆಂದು ನನಗೆ ಹೊಳೆಯಿತು; ಅದನ್ನು ಹೇಳಬೇಕಾದವರು ಅವರೇ ಎಂಬುದು ಆಮೇಲೆ ಅರಿವಾಯಿತು.

ಮೂರನೆಯ ದಿನ ಮಾಲೀಕ ಕೋಣೆ ತೆರೆಸಿ ಮರಳನ್ನು ಮೋರಿಯ ಕಡೆಗೆ ಎಳೆಸುತ್ತಿದ್ದ. ಹನುಮಕ್ಕ ನನ್ನ ಮೆಟ್ಟಿಲ ಮೇಲೆ ಬಂದು ಕುಳಿತು ಅದನ್ನು ನೋಡುತ್ತಿದ್ದಳು.

"ಒಂದು ಮಾತು ಕೇಳ್ತೀನ್ರಿ ಟೀಚರಮ್ಮ. ಖರೇ ಹೇಳ್ರಿ. ಆ ಎಲುಬು ಏನಿತ್ತದು?"

ನಾನು ಹೇಳಿದೆ. ಹೆಂಡತಿಯ ವಿಷಯ, ಮರಳಿನ ನೆಲ, ಅದರ ದೇವರು, ಆ ಗುರುತು, ಎಲ್ಲವನ್ನೂ. ಮುಗಿದ ಮೇಲೆ ಆಕೆ ನನ್ನನ್ನೇ ದಿಟ್ಟಿಸಿ ನೋಡಿದಳು.

"ದೇವರು ಅಂತ ಆವತ್ತು ಯಾಕ ಹೇಳಲಿಲ್ರಿ?"

"ನೀವು ಒಪ್ಪತಿದ್ರೇನು?"

"ಒಪ್ಪೋದಂದ್ರೇನ್ರಿ? ಕಾಯಿ ಒಡೀತಿದ್ವಿ. ನಮ್ಮ ಅಪ್ಪಾರು ಮದ್ದಿಕೇರದಾಗ ಬಂಡಿಗಲ್ಲಿಗೆ ಕಂಬಳಿ ಹೊಚ್ಚಿ ದೇವರು ಅಂತಾರ. ನಾವು ಬ್ಯಾಡ ಅಂದಿವೇನು? ಅಂವಂದು ಅಂವಗ, ನಮ್ಮದು ನಮಗ." ಆಕೆ ಮೋರಿಗೆ ಬೀಳುತ್ತಿದ್ದ ಮರಳಿನ ಕಡೆ ಕೈಮಾಡಿದಳು. "ಬರೇ ಎಲುಬು ಅಂದ. ಬರೇ ಎಲುಬು ಯಾರು ಮನಿ ಮುಂದ ನೆಡ್ತಾರ್ರಿ, ಮಾಟದವರು ಬಿಟ್ಟು? ಅಂವ ಹಂಗಂದ ಮ್ಯಾಲೇ ನನಗ ಖಾತ್ರಿ ಆತು. ಇಷ್ಟು ವರ್ಷ ಅಂವಗ ಮಕ ಕೊಟ್ಟು ಮಾತಾಡಿಲ್ಲ ನಾನು."

ಚರ್ಚಾಸ್ಪರ್ಧೆಯಲ್ಲಿ ನಮಗೆ ಮೊದಲು ಕಲಿಸಿದ ನಿಯಮ, ಎದುರು ಪಕ್ಷಕ್ಕೆ ಅನುಕೂಲವಾದ ಸಂಗತಿಯನ್ನೂ ಮುಚ್ಚಿಡಬಾರದು ಎಂಬುದು. ಅಂದು ಕಟ್ಟೆಯ ಮುಂದೆ ನಾನು ಮುಚ್ಚಿಟ್ಟೆ. ಓಣಿಯ ಜನ ಹೆದರುತ್ತಾರೆಂದು ಅಲ್ಲ. ಅವರು ಕೈಮುಗಿದುಬಿಡುತ್ತಾರೆಂದು ನನಗೆ ಹೆದರಿಕೆಯಿತ್ತು. ಮೇಸ್ತ್ರಿಯನ್ನು ಉಳಿಸಬೇಕು, ಆದರೆ ನನ್ನ ವಾದದಿಂದಲೇ ಉಳಿಯಬೇಕು. ಅವರಿಗೆ ಅವರದೇ ಮಾತು ಸಾಕಾಗುತ್ತಿತ್ತು. ಅದನ್ನು ನಾನು ಬಾಯಿಂದ ಕಿತ್ತುಕೊಂಡೆ.

ಮರುದಿನ ಮಧ್ಯಾಹ್ನ ಎಲುಬನ್ನು ಬೀರುವಿನಿಂದ ತೆಗೆದೆ. ಹನುಮಕ್ಕ ಮೇಸ್ತ್ರಿಯ ಟ್ರಂಕಿನಲ್ಲಿ ಮಡಿಸಿಟ್ಟಿದ್ದ ಆ ಸೀರೆಯನ್ನು ತಂದು ಅದಕ್ಕೆ ಸುತ್ತಿದಳು. ಇಬ್ಬರೂ ಮಾಧವರಂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆಕೆ ಗಂಟನ್ನು ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು. ಕಂಡಕ್ಟರ್ ಏನಮ್ಮ ಅದು ಎಂದರೆ ಸೀರೆ ಎಂದಳು.

ಹೊಳೆ ಆ ಸಂಕ್ರಾಂತಿಯಲ್ಲಿ ಕಂಡದ್ದಕ್ಕಿಂತಲೂ ಇಳಿದಿತ್ತು. ಮರಳಿನ ಮೇಲೆ ದೂರದವರೆಗೆ ನಡೆದೆವು, ಹೊತ್ತು ಇಳಿಯುತ್ತಿತ್ತು. ಹನುಮಕ್ಕ ಕೈಯಿಂದ ಕುಣಿ ತೋಡಿದಳು. ನಾನು ಎಲುಬನ್ನು ನೆಟ್ಟಗೆ ಹಿಡಿದೆ.

"ಯಾವ ಕಡಿ ಮಕ ಮಾಡಬೇಕ್ರಿ?"

ನನಗೆ ಗೊತ್ತಿರಲಿಲ್ಲ. ಅದನ್ನೂ ನಾನು ಕೇಳಿರಲಿಲ್ಲ. "ನೀರು ಹೋಗೋ ಕಡಿ" ಎಂದೆ.

ಆಕೆ ಬುಡಕ್ಕೆ ಮರಳೊತ್ತಿ ಬಿಗಿ ಮಾಡಿದಳು. ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಕಲ್ಲುಪ್ಪು ಇತ್ತು. ಚೊಂಬಿನಲ್ಲಿ ಹೊಳೆಯ ನೀರು ತಂದು ಉಪ್ಪು ಹಾಕಿ ಕದಡಿ, ನಾಲಿಗೆಗೆ ಮುಟ್ಟಿಸಿ ನೋಡಿ ಇನ್ನೊಂದು ಹಿಡಿ ಹಾಕಿದಳು.

"ಹೆಸರೇನ್ರಿ ಈ ದೇವರದು?"

"ವರುಣ."

"ಅಂವ ಮಳಿ ದೇವರಲ್ಲೇನ್ರಿ?"

"ನಮ್ಮ ಕಡಿ ಮಳಿದು. ಅವರ ಕಡಿ ಕಡಲಿಂದು."

"ಇರ್ಲಿ. ನೀರಂತೂ ಹೌದಲ್ಲ" ಎಂದು ಹೊಯ್ದಳು. ಕಾಯಿ ಒಡೆದು ಕೈಮುಗಿದಳು. ನನಗೆ ಕೈ ಜೋಡಿಸಲಾಗಲಿಲ್ಲ. ಇಲ್ಲದ ನಂಬಿಕೆಯನ್ನು ಅವರೆದುರು ನಟಿಸುವುದು ಇನ್ನೊಂದು ಸುಳ್ಳಾಗುತ್ತಿತ್ತು. ಸುಮ್ಮನೆ ಪಕ್ಕದಲ್ಲಿ ನಿಂತೆ.

ಆಗ ದಂಡೆಯ ಕಡೆಯಿಂದ ಕುರಿಗಳನ್ನು ನೀರಿಗೆ ಹೊಡೆದುಕೊಂಡು ಒಬ್ಬ ಬಂದ. ಹೆಗಲ ಮೇಲೆ ಕಂಬಳಿ, ಕಿವಿಯಲ್ಲಿ ಮೊಬೈಲಿನ ದಾರ. ಎಲುಬನ್ನು ನೋಡಿ ನಿಂತು, ಕಿವಿಯ ದಾರ ಕಿತ್ತು, "ಏನ್ರಿ ಅದು?" ಎಂದ.

ಹನುಮಕ್ಕ ಬಾಯಿ ತೆರೆದವಳು ತಿರುಗಿ ನನ್ನ ಮುಖ ನೋಡಿದಳು.

"ದೇವರು" ಎಂದೆ.

"ಯಾರದು?"

"ನಮ್ಮ ಓಣ್ಯಾಗ ಒಬ್ಬರಿದ್ರು. ಅವರದು. ಮರಳಿನ ನೆಲದವರು."

ಅವನು ಒಂದು ಗಳಿಗೆ ಅದನ್ನು ನೋಡಿದ. "ಹೊಳಿ ಬರೂತನ ಇರ್ತದೇಳ್ರಿ" ಎಂದು, ನೇರ ಬರುತ್ತಿದ್ದ ಹಿಂಡಿನ ಮುಂದೆ ಹೋಗಿ ಕೋಲು ಅಡ್ಡ ಹಿಡಿದ. ಕುರಿಗಳು ಎರಡಾಗಿ ಒಡೆದು, ಎಲುಬನ್ನು ನಡುವೆ ಬಿಟ್ಟು, ನೀರಿನ ಹತ್ತಿರ ಮತ್ತೆ ಒಂದಾದವು.